ದೇವದೂತ ‘ರಿ’ ಹಚ್ಚಿ ಮಾತಾಡಿದ್ದು

ನಮ್ಮ ಅಕ್ಕೋರ ಬಲಗೈಯ ಹೆಬ್ಬೆರಳು ಅರ್ಧವೇ ಇತ್ತು. ಸಣ್ಣವರಿದ್ದಾಗ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೂಲಿಗೆ ಹೋಗುತ್ತಿದ್ದರಂತೆ, ಯಂತ್ರ ಕಚ್ಚಿಕೊಂಡಿತ್ತು. ಬೈಬಲ್ ಓದುವಾಗ ಆ ಮೊಂಡು ಬೆರಳನ್ನೇ ಸಾಲಿನ ಕೆಳಗಿಟ್ಟು ಸರಿಸುತ್ತಿದ್ದರು. ನಾವು ಹುಡುಗಿಯರು ಪುಸ್ತಕ ಬಿಟ್ಟು ಬೆರಳನ್ನೇ ನೋಡುತ್ತಿದ್ದೆವು. “ಬೆರಳು ಇನ್ನೆಲ್ಲೂ ಓಡಿ ಹೋಗೂದಿಲ್ಲ, ಹೋಗೂವಷ್ಟು ಹೋಗೇತಿ. ಪುಸ್ತಕ ನೋಡ್ರಿ!” ಎಂದು ಗದರುತ್ತಿದ್ದರು.

ಅವರು ಹುಬ್ಬಳ್ಳಿಯ ಮಿಶನ್ ಕಂಪೌಂಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ನಾನು ಆಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ನಮ್ಮವ್ವ ಅದೇ ಶಾಲೆಯ ಬೋರ್ಡಿಂಗಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳಂಥ ಅಂಜುಬುರುಕಿಯನ್ನು ನಾನು ಎಲ್ಲೂ ಕಂಡಿಲ್ಲ. ಪಾದ್ರಿಗಳ ಬೂಟಿನ ಸಪ್ಪಳ ಕೇಳಿದರೆ ಸಾಕು, ಒಲೆಯ ಮರೆಗೆ ಸರಿಯುವಳು. ಎಲ್ಲರೂ ಅವಳನ್ನು ‘ಏ ರೊಟ್ಟಿಯಾಕಿ’ ಎಂದೇ ಕರೆಯುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು. ಅವಳು ಮಾತ್ರ, “ಕರದ್ರ ಏನಾತ, ಓ ಅಂದ್ರಾತು” ಅನ್ನುವಳು.

ಅವಳಿಗೆ ‘ರಿ’ ಹಚ್ಚಿ ಮಾತಾಡುತ್ತಿದ್ದವರು ಅಕ್ಕೋರೊಬ್ಬರೇ. ಅವರಿಗೆ ಅದೊಂದು ಹುಚ್ಚು ಅನ್ನಿ. ಅಂಗಳಕ್ಕೆ ಬಂದ ನಾಯಿಗೂ “ಅತ್ಲಾಗ ಹೋಗ್ರಿ” ಅನ್ನುವ ಹೆಂಗಸು! ನಾವು ಹಿಂದಿನಿಂದ ನಗುತ್ತಿದ್ದೆವು.

ಪುನರುತ್ಥಾನದ ಹಬ್ಬ ಹತ್ತಿರ ಬಂತೆಂದರೆ ಮಧ್ಯಾಹ್ನ ಅಡಿಗೆಮನೆಗೆ ಬಂದು ಹೆಂಗಸರಿಗೆ ಓದಿ ಹೇಳುವರು. ಹೆಂಗಸರು ನಸುಕಿನಲ್ಲಿ ಸ್ವಾಮಿಯ ಸಮಾಧಿಗೆ ಹೊರಟದ್ದು, ಬಾಗಿಲ ಕಲ್ಲು ಸರಿದದ್ದು, ಅದರ ಮೇಲೆ ದೇವದೂತ ಕೂತಿದ್ದದ್ದು, ಸತ್ತ ಸ್ವಾಮಿ ಎದ್ದುಬಿಟ್ಟಿದ್ದದ್ದು. ‘ಹೆದರಬೇಡಿರಿ’ ಎಂಬಲ್ಲಿಗೆ ಬಂದಾಗ ಬೆರಳು ನಿಲ್ಲುವುದು. “ನೋಡ್ರಿ, ಹೆದರಬ್ಯಾಡ ಅಂದಿಲ್ಲ ಅಂವಾ. ಹೆದರಬ್ಯಾಡ್ರಿ ಅಂದಾನ. ಸ್ವರ್ಗದಿಂದ ಬಂದಾಂವಾ, ಬಡ ಹೆಣ್ಮಕ್ಕಳಿಗೆ ‘ರಿ’ ಹಚ್ಚಿ ಮಾತಾಡ್ಯಾನ!”

ಒಂದು ವರ್ಷ ಅವ್ವ ಹಿಟ್ಟಿನ ಕೈಯಲ್ಲೇ ಕೇಳಿದಳು: “ಖರೇನೇನ್ರಿ ಅಕ್ಕೋರ? ನಮ್ಮಂಥವ್ರಿಗೂ?”

ಇದು ಪಾದ್ರಿಗಳ ಕಿವಿಗೆ ಬಿತ್ತು. ಧಾರವಾಡದಲ್ಲಿ ಓದಿದವರು, ವ್ಯಾಕರಣದಲ್ಲಿ ಗಟ್ಟಿಗರು. ಅಡಿಗೆಮನೆಯ ಬಾಗಿಲಲ್ಲೇ ನಿಂತು, “ಅಕ್ಕೋರ, ಅದು ಮರ್ಯಾದಿ ಕೊಟ್ಟಿದ್ದಲ್ರಿ, ಬಹುವಚನ. ಹೆಣ್ಮಕ್ಕಳು ಒಬ್ಬರಕಿಂತ ಹೆಚ್ಚ ಇದ್ರು, ಅದಕ್ಕ ಹಾಂಗ ಐತಿ. ಇಲ್ಲದ್ದು ಕಲಿಸಬ್ಯಾಡ್ರಿ” ಎಂದರು.

ಅವ್ವನ ಮುಖ ಸಣ್ಣದಾಯಿತು. ಅಕ್ಕೋರು, “ಬಹುವಚನ ಅಂದ್ರ ಭಾಳ ಮಂದಿಗೆ ಹೇಳಿದ್ದು, ಹೌದಲ್ರಿ? ಹಂಗಾರ ಇನ್ನೂ ಛಲೋ ಆತು. ನಾವೂ ಅದರಾಗ ಬಂದ್ವಿ” ಎಂದರು. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಪಾದ್ರಿಗಳು ಹೊರಟುಹೋದರು.

ಆ ವರ್ಷವೇ, ಹಬ್ಬಕ್ಕೆ ಮೊದಲೇ, ಪ್ಲೇಗು ಬಂತು. ಕಮರಿಪೇಟೆಯಲ್ಲಿ ಇಲಿ ಬಿದ್ದವೆಂಬ ಸುದ್ದಿ ಬಂದದ್ದೇ ತಡ, ಕಂಪೌಂಡಿನವರೆಲ್ಲ ಊರ ಹೊರಗೆ ಕಪ್ಪು ಮಣ್ಣಿನ ಎರಿಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡೆವು. ಬೇನೆ ಬಿದ್ದವರಿಗೆ ದೂರದಲ್ಲಿ ಬೇರೆ ಗುಡಿಸಲು, ನಡುವೆ ಸುಣ್ಣದ ಗೆರೆ. ಗೆರೆ ದಾಟಿ ಹೋದವರು ಬೇನೆ ಮುಗಿಯುವ ತನಕ ಈಚೆ ಬರುವಂತಿರಲಿಲ್ಲ. ಅಲ್ಲಿಗೆ ಹೋದವರು ಬಂದದ್ದನ್ನು ನಾವು ಅಲ್ಲಿಯ ತನಕ ನೋಡಿಯೂ ಇರಲಿಲ್ಲ.

ಹಬ್ಬದ ಹಿಂದಿನ ದಿನ ಮುಂಜಾನೆ ಅವ್ವನಿಗೆ ಚಳಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಬಗಲಲ್ಲಿ ಗಂಟು ಎದ್ದಿತ್ತು. ಮುನಿಸಿಪಾಲ್ಟಿಯ ಆಳುಗಳು ಅವಳನ್ನು ಕಂಬಳಿಯಲ್ಲಿ ಎತ್ತಿ ಆಚೆ ಗುಡಿಸಲಿಗೆ ಹಾಕಿ ಹೋದರು. ಹಿಂದೆ ಓಡಿದ ನನ್ನನ್ನು ಪಾದ್ರಿಗಳು ರಟ್ಟೆ ಹಿಡಿದು ನಿಲ್ಲಿಸಿದರು. ಆ ಹಿಡಿತದಿಂದಲೇ ನಾನು ಉಳಿದಿರಬಹುದು, ಆದರೂ ಅವರ ಮೇಲಿನ ಸಿಟ್ಟು ಇಂದಿಗೂ ಪೂರಾ ಇಳಿದಿಲ್ಲ.

ಆಚೆಯಿಂದ ಅವ್ವ ಕೂಗುತ್ತಿದ್ದಳು: “ನನ್ನ ಒಬ್ಬಾಕಿನ್ನ ಬಿಡಬ್ಯಾಡ್ರೋ ಯಪ್ಪಾ! ಯಾರರ ಬರ್ರಿ!” ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನನ್ನೂ ಕೇಳದವಳು. ಯಾರೂ ಕದಲಲಿಲ್ಲ. ಎಲ್ಲರ ಮನೆಯಲ್ಲೂ ಮಕ್ಕಳಿದ್ದರು, ಯಾರನ್ನು ಬೈಯಲಿ? ಬೇನೆ ಕೊಲ್ಲುವ ಮೊದಲೇ ಹೆದರಿಕೆ ಅವಳನ್ನು ಕೊಲ್ಲುತ್ತದೆ ಎಂದು ನನಗೆ ಅನಿಸಿತು.

ಆಗ ಅಕ್ಕೋರು ಬಂದರು. ಸೊಂಟದಲ್ಲಿ ನೀರಿನ ಕೊಡ, ಕಂಕುಳಲ್ಲಿ ಬೈಬಲ್.

“ಅಕ್ಕೋರ, ವಿಚಾರ ಮಾಡ್ರಿ” ಎಂದರು ಪಾದ್ರಿಗಳು. “ಗೆರಿ ದಾಟಿದ್ರ ತಿರುಗಿ ಬರಾಕ ಆಗೂದಿಲ್ಲ.”

“ಗೊತ್ತೈತ್ರಿ.”

“ಹೆದರಿಕಿ ಇಲ್ಲೇನ್ರಿ ನಿಮಗ?”

“ಅಯ್ಯ, ಇಲ್ಲದ ಏನ್ರಿ! ಕೈ ನೋಡ್ರಿ, ಹೆಂಗ ನಡಗಾಕತ್ತಾವು. ‘ಹೆದರಬ್ಯಾಡ್ರಿ’ ಅನ್ನೂ ಮಾತು ಹೆದರಿದವ್ರಿಗೇ ಹೇಳಿದ್ದಲ್ರಿ? ಹೆದರಲಾರದವ್ರಿಗೆ ಅದರ ಗರಜ ಏನಿತ್ತು?”

ಕೊಡದ ನೀರು ತುಳುಕಿ ಸೀರೆ ತೊಯ್ಯುತ್ತಿತ್ತು. ಹಾಗೆಯೇ ಗೆರೆ ದಾಟಿದರು.

ಸಂಜೆಯ ತನಕ ನಾನು ಗೆರೆಯ ಈಚೆ ಕೂತೇ ಇದ್ದೆ. ಅಕ್ಕೋರು ಓದುವ ದನಿ ಕೇಳುತ್ತಿತ್ತು, ನಡುನಡುವೆ ಅವ್ವನ ನರಳಾಟ. ಹೊತ್ತು ಮುಳುಗುವಾಗ ಎರಡೂ ನಿಂತವು. “ಅಕ್ಕೋರ!” ಎಂದು ಕಿರುಚಿದೆ. ಮತ್ತೆ ಕಿರುಚಿದೆ. ಗುಡಿಸಲಿನ ತಟ್ಟಿ ಸರಿಯಿತು. ಅಕ್ಕೋರು ತುಟಿಯ ಮೇಲೆ ಮೊಂಡು ಬೆರಳಿಟ್ಟು, “ಒದರಬ್ಯಾಡ್ರಿ, ಈಗರ ನಿದ್ದಿ ಹತ್ತೇತಿ ಅವ್ರಿಗೆ” ಎಂದರು. ನಾನು ಅಲ್ಲೇ ಮಣ್ಣಲ್ಲಿ ಕುಸಿದು ಅತ್ತೆ.

ಮರುದಿನದ ಹಬ್ಬಕ್ಕೆ ಗಂಟೆಯಿಲ್ಲ, ಹಾಡಿಲ್ಲ, ಗುಡಿಸಲಿನಿಂದ ಗುಡಿಸಲಿಗೆ ಯಾರೂ ಹೋಗಲಿಲ್ಲ. ಆಚೆಯಿಂದ ಅಕ್ಕೋರು ಓದುವುದೊಂದೇ ಕೇಳುತ್ತಿತ್ತು. ಆಮೇಲೆ ಅವ್ವನ ಬಗಲ ಗಂಟು ಒಡೆಯಿತು, ಜ್ವರ ಇಳಿಯಿತು. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಗೆರೆ ದಾಟಿ ಬಂದಾಗ ಅವ್ವ ಕಡ್ಡಿಯಾಗಿದ್ದಳು. ಅಲ್ಲಿ ಏನೇನು ಮಾತಾಡಿದಿರಿ ಎಂದು ಕೇಳಿದೆ. “ಇಬ್ಬರೂ ಕೂಡಿ ಹೆದರಿದ್ವಿ” ಎಂದಳು, ಅಷ್ಟೇ.

ಅಕ್ಕೋರು ಅದಾದ ಮೇಲೂ ಬಹಳ ವರ್ಷ ಬದುಕಿದರು. ನಾನು ಅದೇ ಶಾಲೆಯಲ್ಲಿ ಕಲಿಸತೊಡಗಿದ ಮೇಲೆ, ಎರಡನೆಯ ಮಹಾಯುದ್ಧದ ನಡುವೆ, ದಮ್ಮಿನಿಂದ ತೀರಿಕೊಂಡರು. ಅವರಿಗೆ ತಮ್ಮವರೆಂಬವರು ಯಾರೂ ಇರಲಿಲ್ಲ. ನಮ್ಮ ಕಂಪೌಂಡಿನಲ್ಲಿ ಹೆಂಗಸರು ಗೇಟಿನ ತನಕ ಹೋಗಿ ಅತ್ತು ತಿರುಗುವುದು, ಗಂಡಸರು ಮಾತ್ರ ಮಣ್ಣಿಗೆ ಹೋಗುವುದು ರೂಢಿ. ಪೆಟ್ಟಿಗೆ ಗೇಟು ದಾಟಿತು. ಅವ್ವ ತಿರುಗಲಿಲ್ಲ. ಮುದುಕರಾಗಿದ್ದ ಪಾದ್ರಿಗಳು ಕೈ ಅಡ್ಡ ಹಿಡಿದು, “ಹೆಣ್ಮಕ್ಕಳು ಅಲ್ಲಿಗೆ ಬರೂ ಪದ್ಧತಿ ಇಲ್ಲ” ಎಂದರು.

ಅವ್ವ ಸೆರಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದುಕೊಂಡಳು. “ಪಾದ್ರಿ ಸಾಹೇಬ್ರ, ಯಾರೂ ಬರಲಾರದ ಕಡೆ ಅವರು ನನ್ನ ಹಂತ್ಯಾಕ ಬಂದ್ರು. ನಾ ಹೆಂಗ ಇಲ್ಲಿಂದ ತಿರುಗಲಿ?” ಎಂದಳು. ಅವರು ಕೈ ಇಳಿಸಿದರು. ಅವಳು ಮುಂದೆ, ನಾನು ಹಿಂದೆ, ನಮ್ಮ ಹಿಂದೆ ಅಡಿಗೆಮನೆಯ ಹೆಂಗಸರೆಲ್ಲ ಹೋದೆವು.

ಪೆಟ್ಟಿಗೆ ಇಳಿಸಿದ ಮೇಲೆ ಅವ್ವ ಬಾಗಿ ಒಂದು ಹಿಡಿ ಮಣ್ಣು ಹಾಕಿದಳು. ಆಮೇಲೆ, ಅಲ್ಲಿದ್ದ ಗಂಡಸರಿಗೆಲ್ಲ ಕೇಳುವಂತೆ, ಗಟ್ಟಿಯಾಗಿ ಹೇಳಿದಳು:

“ನಸುಕು ಹರಿಯೂತನಕಾ ಮಲ್ಕೋರಿ, ಅಕ್ಕೋರ.”