ಒಂದು ಶೌಚಾಲಯಕ್ಕಾಗಿ ಚುನಾವಣೆಗೆ ನಿಂತದ್ದು

ನಾನು ಚುನಾವಣೆಗೆ ನಿಂತದ್ದು ಸಿಟ್ಟಿನಿಂದ. ಅಮೆರಿಕದಲ್ಲಿ ನಾವಿರುವ ಊರಿನ ದೊಡ್ಡ ಪಾರ್ಕಿನಲ್ಲಿ ನಾಯಿಗಳಿಗೆ ನೀರು ಕುಡಿಯಲು ನಲ್ಲಿ ಇದೆ, ಮನುಷ್ಯರಿಗೆ ಶೌಚಾಲಯವಿಲ್ಲ. ಧಾರವಾಡದಿಂದ ಬಂದು ನಮ್ಮ ಜೊತೆಗೇ ಇರುವ ಅಮ್ಮ, ಸಂಜೆ ವಾಕಿಂಗಿಗೆ ತೊಂದರೆಯಾಗಬಾರದೆಂದು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಮೂತ್ರದ ಸೋಂಕಾಗಿ ಜ್ವರ ಏರಿದಾಗ, ಡಾಕ್ಟರ ಮುಂದೆ ಕೂತಾಗಲೇ ನನಗದು ಗೊತ್ತಾದದ್ದು. ಫ್ರೀವೇ ಪಕ್ಕದಲ್ಲಿ ಒಂದಾದ ಮೇಲೊಂದು ಅಪಾರ್ಟ್‌ಮೆಂಟು ಏಳುತ್ತಿದೆ, ಪಾರ್ಕಿನ ತುಂಬ ಅಜ್ಜ ಅಜ್ಜಿಯರು. ಪಾರ್ಕ್ ಬೋರ್ಡು ಮಾತ್ರ ಪ್ರತಿ ಮೀಟಿಂಗಿನಲ್ಲೂ ಮುಂದೆ ನೋಡೋಣ ಎನ್ನುತ್ತಿತ್ತು. ಊರವರು ವೋಟು ಹಾಕಿ ಆರಿಸುವ ಐದು ಜನರ ಬೋರ್ಡದು. ಇಬ್ಬರು ಶೌಚಾಲಯ ಬೇಕೆನ್ನುವವರು, ಇಬ್ಬರು ಬೇಡವೆನ್ನುವವರು, ಐದನೆಯ ಸೀಟು ಖಾಲಿ. ಅದರಲ್ಲಿ ನಾನೇ ಕೂರಬೇಕೆಂದು ಅರ್ಜಿ ಹಾಕಿಯೇ ಬಿಟ್ಟೆ.

ಆ ದಿನ ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಫಾಸ್ಟರ್ ಸಿಟಿಯ ಆಫೀಸಿನಲ್ಲಿ ದಿನವಿಡೀ ಸ್ಪ್ರೆಡ್‌ಶೀಟು ನೋಡುವ ನಾನು ಈಗ ಅಭ್ಯರ್ಥಿ! ಬಾತ್‌ರೂಮಿನ ಕನ್ನಡಿಯ ಮುಂದೆ ಜನಕ್ಕೆ ಕೈ ಮುಗಿಯುವುದನ್ನು ಅಭ್ಯಾಸ ಮಾಡಿದೆನೆಂದು ಇವತ್ತೇ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಪ್ರಚಾರವನ್ನು ಮದುವೆಗೆ ಕರೆಯಲು ಹೋದ ಹಾಗೆ ಮಾಡಿದೆ. ಅಮ್ಮನನ್ನು ಜೊತೆಗಿಟ್ಟುಕೊಂಡು ಮೊದಲು ನಮ್ಮ ಕನ್ನಡದವರ ಮನೆಗಳಿಗೆ. ಹೋದಲ್ಲೆಲ್ಲ ಕಾಫಿ, ಚಕ್ಕುಲಿ, ಹೊರಡುವಾಗ ಅರಿಸಿನ ಕುಂಕುಮ. “ಶ್ಯೂರ್ ಮೇಡಂ, ನಮ್ಮನೆ ವೋಟೆಲ್ಲ ನಿಮಗೇ!” ಒಬ್ಬರೂ ಇಲ್ಲ ಎನ್ನಲಿಲ್ಲ. ಪ್ರತಿ ಮನೆಗೂ ನೋಟ್‌ಬುಕ್ಕಿನಲ್ಲಿ ಒಂದು ಟಿಕ್ ಹಾಕುತ್ತಿದ್ದೆ. ಅರವತ್ತು ಟಿಕ್ ಆದಾಗ ಸನ್ನಿವೇಲಿನ ದೇವಸ್ಥಾನಕ್ಕೆ ಹೋಗಿ, ಗೆದ್ದವಳ ಠೀವಿಯಲ್ಲೇ ಪ್ರದಕ್ಷಿಣೆ ಹಾಕಿ ಬಂದೆ.

ಇಲ್ಲಿ ವೋಟು ಹಾಕುವುದು ಅಂಚೆಯಲ್ಲೇ. ವೋಟಿದ್ದವರ ಮನೆಗಳಿಗೆ ಮತಪತ್ರಗಳು ಬಂದವು. ಬಾಲ್ಕನಿಗೆ ನನ್ನ ಹೆಸರಿನ ಪ್ರಚಾರದ ಫಲಕ ಕಟ್ಟಿದ್ದ ಮಂಡ್ಯದ ಹುಡುಗ, ಇಬ್ಬರು ಮಕ್ಕಳ ತಂದೆ, ಗ್ರೋಸರಿ ಅಂಗಡಿಯಲ್ಲಿ ಸಿಕ್ಕ.

“ಬ್ಯಾಲೆಟ್ ಬಂತಾ?” ಎಂದೆ.

“ನಮಗೆಲ್ಲಿ ಬರುತ್ತೆ ಮೇಡಂ? ನಾವಿನ್ನೂ ಎಚ್‌ಒನ್‌ಬಿ ವೀಸಾದಲ್ಲೇ ಇದೀವಲ್ವಾ. ಸಿಟಿಜನ್ ಆಗದೆ ವೋಟಿಲ್ಲ.”

“ಮತ್ತೆ ಹಾಕ್ತೀನಿ ಅಂದ್ರಲ್ಲ!”

“ಮನೆ ಬಾಗಿಲಿಗೆ ಬಂದು ಕೇಳಿದ್ರಿ. ಇಲ್ಲ ಅನ್ನೋಕಾಗುತ್ತಾ?”

ಕಾರಿನಲ್ಲಿ ಕೂತು ಒಬ್ಬೊಬ್ಬರಿಗೇ ಫೋನು ಮಾಡಿದೆ. ಎಚ್‌ಒನ್‌ಬಿ, ಗ್ರೀನ್ ಕಾರ್ಡು, ಆರು ತಿಂಗಳಿಗೆಂದು ಬಂದ ಅವರವರ ಅತ್ತೆ ಮಾವ. ಅರವತ್ತರಲ್ಲಿ ವೋಟಿದ್ದದ್ದು ಒಂಬತ್ತು ಮನೆಗೆ. ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮನಿಗೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು, ಆದರೆ ಯಾರನ್ನು ಬೈಯಲಿ? ಮೊದಲ ಭೇಟಿಯಲ್ಲೇ ಯಾವ ವೀಸಾ ಎಂದು ಕೇಳುವುದು ಮರ್ಯಾದೆಯಲ್ಲವೆಂದು ನಾನು ಕೇಳಿರಲಿಲ್ಲ. ಮನೆಗೆ ಬಂದವರಿಗೆ ಇಲ್ಲ ಎನ್ನುವುದು ಮರ್ಯಾದೆಯಲ್ಲವೆಂದು ಅವರು ಹೇಳಿರಲಿಲ್ಲ. ಎರಡೂ ಮರ್ಯಾದೆ ಸೇರಿ ನನ್ನನ್ನು ಮುಳುಗಿಸಿದ್ದವು.

ಉಳಿದದ್ದು ಮೂರು ವಾರ. ವೋಟಿದ್ದವರು ಪಾರ್ಕಿನ ಆಚೆಯ ಹಳೆಯ ಬೀದಿಗಳಲ್ಲಿದ್ದರು. ಆ ಬಾಗಿಲುಗಳಿಗೆ ಹೆದರಿಯೇ ನಾನು ಇಷ್ಟು ದಿನ ಚಕ್ಕುಲಿ ತಿನ್ನುತ್ತ ತಿರುಗಿದ್ದೆ. ಮೊದಲ ಮನೆಯಲ್ಲಿ ಬಾಗಿಲು ತೆರೆದವರು ಬಿಳಿಕೂದಲಿನ ಅಮೆರಿಕನ್ ಅಜ್ಜಿ. ಬಾಯಿಪಾಠ ಮಾಡಿದ್ದ ಇಂಗ್ಲಿಷು ಶುರು ಮಾಡಿದೆ. ಅಭಿವೃದ್ಧಿ, ಪಾರದರ್ಶಕತೆ, ಸಮುದಾಯದ ಪಾಲ್ಗೊಳ್ಳುವಿಕೆ. ಅಜ್ಜಿಯ ಕೈ ಬಾಗಿಲಿನ ಹಿಡಿಯ ಮೇಲೇ ಇತ್ತು.

ಅಮ್ಮನಿಗೆ ತಾಳ್ಮೆ ತಪ್ಪಿತು. “ಏನ್ ಪುರಾಣ ಹಚ್ಚೀದಿ? ನಮ್ಮವ್ವ ನೀರ ಬಿಟ್ಟ ವಾಕಿಂಗ್ ಮಾಡತಾಳ, ಜ್ವರ ಬಂದ ಮಲಗಿದ್ಲು ಅಂತ ಹೇಳ ಅಕಿಗೆ.”

ನಾಚಿಕೆಯಿಂದ ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಬಾಗಿಲಿನ ಹಿಡಿ ಬಿಟ್ಟರು. “ಇದೇ ಕಾರಣಕ್ಕೆ ನಾನು ಬೆಳಗಿನ ಕಾಫಿ ಬಿಟ್ಟು ಎರಡು ವರ್ಷವಾಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ,” ಎಂದವರು ಅಮ್ಮನ ಕೈ ಹಿಡಿದುಕೊಂಡರು. ಆಮೇಲೆ ತಾವೇ ಬಗ್ಗಿ ನನ್ನ ಹೆಸರಿನ ಫಲಕವನ್ನು ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟರು.

ಅಬ್ಬಾ, ಆ ಮೂರು ವಾರ! ಬಾಯಿಪಾಠವನ್ನು ಕಸದ ಡಬ್ಬಿಗೆ ಹಾಕಿದೆ. ಪ್ರತಿ ಬಾಗಿಲಲ್ಲೂ ಅಮ್ಮನ ಎರಡು ಮಾತು ಮಾತ್ರ. ವೋಟಿಲ್ಲದ ನನ್ನ ಟಿಕ್‌ಗಳೆಲ್ಲ ಎದ್ದು ಬಂದವು. ಮಂಡ್ಯದವನು ಮಕ್ಕಳ ಸ್ಟ್ರೋಲರಿನಲ್ಲಿ ಕರಪತ್ರ ತುಂಬಿಕೊಂಡು ಬೀದಿ ಬೀದಿ ತಿರುಗಿದ. ವಾಕಿಂಗಿನ ಅಜ್ಜಂದಿರು ದಾರಿಯಲ್ಲಿ ಸಿಕ್ಕ ನಾಯಿಗಳನ್ನೆಲ್ಲ ಮಾತಾಡಿಸಿ, ಆಮೇಲೆ ನಾಯಿಯ ಯಜಮಾನರ ಕೈಗೆ ಕರಪತ್ರ ಕೊಟ್ಟರು. ಫಲಿತಾಂಶ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಗೆದ್ದಿದ್ದೆ, ಕೂದಲೆಳೆಯ ಅಂತರದಲ್ಲಿ. ಮೀಟಿಂಗು ಮರೆತು ಕಿರುಚಿದೆ.

ಬೋರ್ಡಿನ ಮೊದಲ ಸಭೆಯಲ್ಲೇ ಶೌಚಾಲಯದ ಪ್ರಸ್ತಾವ ಇಟ್ಟೆ. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಮೂರು ಕೈ ಎದ್ದವು, ಒಂದು ನನ್ನದು. ಪಾಸಾಯಿತು! ಆದರೆ ಅಧ್ಯಕ್ಷರು ನಮ್ಮನ್ನು ನೋಡುತ್ತಿರಲಿಲ್ಲ. ಎದುರಿನ ಕುರ್ಚಿಗಳಲ್ಲಿ ಅಮ್ಮ, ಮಂಡ್ಯದವನು, ಅತ್ತೆಯರು, ಮಾವಂದಿರು, ಎಲ್ಲರ ಕೈಯೂ ಮೇಲಿತ್ತು.

“ಸಭಿಕರಿಗೆ ಮತವಿಲ್ಲ,” ಎಂದು ಅವರು ನಗುತ್ತ ನನ್ನ ಕಡೆ ತಿರುಗಿದರು, ಕನ್ನಡದಲ್ಲಿ ಹೇಳಿ ಎನ್ನುವಂತೆ. ಹೇಳಿದೆ.

ಅಮ್ಮ ಕೈ ಇಳಿಸಲಿಲ್ಲ. “ಗೊತ್ತೈತಿ. ಸುಮ್ನ ಒಮ್ಮೆ ಎಣಿಸು ಅಂತ ಹೇಳ ಅವಗ.”