ಸಂಚಿಯೊಳಗಿನ ಕಂಪ್ಯೂಟರ್

ಎಲೆ-ಅಡಿಕೆ ಸಂಚಿಯಲ್ಲಿ ಕಂಪ್ಯೂಟರ್ ಹಿಡಿಸುತ್ತದೋ ಇಲ್ಲವೋ, ಹೇಳಿ ನೋಡೋಣ? ಇಲ್ಲ ಅನ್ನುವವರು ಬನಹಟ್ಟಿಯ ನಮ್ಮ ಮನೆಗೆ ಬನ್ನಿ. ಹಿಡಿಸುತ್ತದೆ. ಆದರೆ ಹಿಡಿಸಬಾರದು. ಇಷ್ಟು ಕಲಿಯಲು ನನಗೆ ಒಂದು ಮಂಗಳವಾರ ಪೂರ್ತಿ ಬೇಕಾಯಿತು.

ನಾನು ಸೀರೆಯ ಅಂಚಿನ ಚಿತ್ರ ತೆಗೆಯುವವಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬುತ್ತ ಬಂದಿದ್ದೇನೆ. ಒಂದು ಚೌಕ ಎಂದರೆ ಒಂದು ಎಳೆ. ಆ ಚಿತ್ರ ನೋಡಿ ರಬಕವಿಯಲ್ಲೊಬ್ಬರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳು ಮಗ್ಗದ ತಲೆಯ ಮೇಲೆ ತಿರುಗಿದ ಹಾಗೆ ಕೆಳಗೆ ಸೀರೆಯಲ್ಲಿ ಹೂವು ಮೂಡುತ್ತದೆ. ಎರಡು ವರ್ಷದ ಹಿಂದೆ ಕಾರ್ಡಿನವರು ಕಾಗದ ತೆಗೆದುಕೊಳ್ಳುವುದನ್ನು ಬಿಟ್ಟರು. ಕಂಪ್ಯೂಟರಿನಲ್ಲಿ ತೆಗೆದು ಪೆನ್‌ಡ್ರೈವಿನಲ್ಲಿ ತನ್ನಿ ಎಂದರು. ಮಗ ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದು ಮಗ್ಗದ ಕೋಣೆಯ ಮೂಲೆಗಿಟ್ಟ. ನಾನು ಮೌಸ್ ಹಿಡಿಯುವುದನ್ನು ಕಲಿತೆ. ಬೈದುಕೊಂಡೇ ಕಲಿತೆ.

ಹೋದ ಬೇಸಿಗೆಯಲ್ಲಿ ಅದು ನಿಂತುಹೋಯಿತು. ರಿಪೇರಿಯವನು ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿನ ಸುತ್ತ ನೂಲಿನ ಧೂಳು ಅರಳೆಯ ಹಾಗೆ ಮೆತ್ತಿಕೊಂಡಿತ್ತು. ಮುಷ್ಟಿಗಟ್ಟಲೆ ಹೊರಗೆಳೆದ.

“ಅಮ್ಮಾರ, ಇದರಾಗ ಒಂದು ತಲಿದಿಂಬು ಆಕ್ಕೈತ್ರಿ. ಕಂಪ್ಯೂಟರ್ ಆಗೂದಿಲ್ಲ.”

ಅದೇ ವಾರ ಮುಧೋಳದ ಸೀರೆ ವ್ಯಾಪಾರಿಯೊಬ್ಬರು ಹೊಸ ಅಂಚಿನ ಮಾದರಿ ನೋಡಲು ಬರುವವರಿದ್ದರು. ಅವರು ಬರುವುದು ಶುಕ್ರವಾರ. ಕಾರ್ಡಿನವರಿಗೆ ಚಿತ್ರ ಮುಟ್ಟಬೇಕಾದದ್ದು ಗುರುವಾರ ಮುಂಜಾನೆ. ಮಗ ನನ್ನ ಹತ್ತಿರ ಬಂದು ಕುಳಿತ. ಅವನು ಹಾಗೆ ಬಂದು ಕುಳಿತರೆ ಒಳ್ಳೆಯ ಸುದ್ದಿ ಇರುವುದಿಲ್ಲ.

“ಯವ್ವಾ, ಈ ಸಲ ಹೊರಗಿಂದ ರೆಡಿ ಡಿಸೈನ್ ತಗೊಂಡ ಬಿಡತೇನಿ. ನಿನಗೂ ಕಣ್ಣು ಸರಿ ಕಾಣವಲ್ಲವು. ಆರಾಮ ಇರು ಇನ್ನ.”

ಒಮ್ಮೆ ಹೊರಗಿನ ಡಿಸೈನ್ ಮನೆಯೊಳಗೆ ಬಂತೆಂದರೆ ನನ್ನ ಅಂಚು ಮತ್ತೆ ಮಗ್ಗ ಏರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

“ಗುರುವಾರ ಮುಂಜಾನಿತನಕ ತಡಿ,” ಎಂದೆ. “ಆಗಲಿಲ್ಲಂದ್ರ ನಿನ್ನ ರೆಡಿ ಡಿಸೈನ್ ಹಾಕು. ನಾ ಒಂದು ಮಾತು ಆಡೂದಿಲ್ಲ.”

“ನೀ ಮಾತು ಆಡೂದಿಲ್ಲ,” ಎಂದು ನಗುತ್ತ ಎದ್ದು ಹೋದ.

ಜಮಖಂಡಿಯಲ್ಲಿ ಕಾಲೇಜು ಓದುವ ಮೊಮ್ಮಗಳಿಗೆ, ನನ್ನ ಮಗಳ ಮಗಳಿಗೆ, ಫೋನ್ ಮಾಡಿದೆ. ಸೋಮವಾರ ಬಂದಳು. ಬ್ಯಾಗಿನಿಂದ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಿಟ್ಟಳು. ಕಾಲೇಜಿನ ಪ್ರಾಜೆಕ್ಟಿಗೆಂದು ಕೊಂಡದ್ದಂತೆ, ಅದು ಮುಗಿದು ಈಗ ಸುಮ್ಮನೆ ಬಿದ್ದಿತ್ತಂತೆ.

“ಕಂಪ್ಯೂಟರ್ ಎಲ್ಲೈತಿ?” ಎಂದೆ.

“ಇದ ನೋಡ ಆಯಿ.”

“ಇದು ಅದರ ಚಾರ್ಜರ್ ಇರಬೇಕು.”

“ಚಾರ್ಜರ್ ಬ್ಯಾರೆ ಐತಿ. ಸ್ವಲ್ಪ ಸುಮ್ನ ಕುಂದರ್ತಿ?”

ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಒಂದೇ ಒಂದು ಹಸಿರು ಹಲಗೆ. ಇರುವುದೆಲ್ಲ ಅದರ ಮೇಲೆಯೇ. ಹಳೆಯ ಕಂಪ್ಯೂಟರಿನ ಕೀಬೋರ್ಡು, ಮೌಸು ಅದಕ್ಕೆ ಸಿಕ್ಕಿಸಿದಳು. ಇನ್ನೊಂದು ವೈರನ್ನು ಪಡಸಾಲೆಯ ಟಿವಿಗೆ ಹಚ್ಚಿದಳು. ಟಿವಿಯೇ ಕಂಪ್ಯೂಟರ್ ಆಗಿಬಿಟ್ಟಿತು. ಚಿತ್ರ ತೆಗೆಯುವ ಪ್ರೋಗ್ರಾಮೂ ಅದರಲ್ಲಿತ್ತು. ಚೌಕಗಳನ್ನು ಹಿಗ್ಗಿಸುತ್ತ ಹೋದಳು, ಒಂದೊಂದು ಚೌಕ ಸಂಡಿಗೆಯಷ್ಟಾಯಿತು. ಕಾಗದಕ್ಕೆ ಮೂಗು ಹಚ್ಚಿ ಕೂರುತ್ತಿದ್ದವಳು ಮಂಚದ ಮೇಲೆ ಕಾಲು ಚಾಚಿ ಕುಳಿತು ಎಳೆ ಎಣಿಸಿದೆ.

“ಇದಕ್ಕ ಫ್ಯಾನ್ ಇಲ್ಲ ಆಯಿ. ಗಾಳಿ ಎಳಕೊಳ್ಳೂದಿಲ್ಲ, ಧೂಳನೂ ಎಳಕೊಳ್ಳೂದಿಲ್ಲ,” ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟುಹೋದಳು.

ಇದರಿಂದ ತೊಂದರೆಯಾದದ್ದು ನಮ್ಮ ಯಜಮಾನರಿಗೆ. “ಟಿವಿ ನೀ ಹಿಡಕೊಂಡ್ರ ನಾ ಸುದ್ದಿ ನೋಡೂದ ಹೆಂಗ?” ಎಂದರು.

“ಕಟ್ಟಿ ಮ್ಯಾಲ ಕುಂದರ್ರಿ. ಊರಾನ ಸುದ್ದಿ ತಾನ ಬರತೈತಿ.”

ಮಂಗಳವಾರ ಮುಂಜಾನೆ ನಾನು ತೆಗೆಯಲು ಕುಳಿತದ್ದು ಜೋಳದ ತೆನೆ, ಅದರ ಮೇಲೊಂದು ಗುಬ್ಬಿ. ತೆನೆ ನನ್ನ ಹಳೆಯ ಕಾಗದದಲ್ಲಿತ್ತು. ಗುಬ್ಬಿ ಹೊಸದು. ಆದರೆ ಪಡಸಾಲೆಯ ಗೋಡೆಯ ಆಚೆಗೇ ಮಗ್ಗಗಳಿವೆ. ಬಾಗಿಲು ತೆರೆದಾಗೊಮ್ಮೆ ನೂಲಿನ ಧೂಳು ಈಚೆಗೆ ಹಾರುತ್ತದೆ. ಫ್ಯಾನಿಲ್ಲ ಎಂದು ಹುಡುಗಿ ಹೇಳಿದ್ದಳು, ಹೌದು. ಆದರೂ ಆ ದೊಡ್ಡದರ ಹೊಟ್ಟೆಯಿಂದ ಹೊರಬಂದ ಅರಳೆ ಕಣ್ಣ ಮುಂದೆಯೇ ಇತ್ತು. ಅದೂ ಅಲ್ಲದೆ ಅದು ಮೊಮ್ಮಗಳ ವಸ್ತು. ನನ್ನ ಎಲೆ-ಅಡಿಕೆ ಸಂಚಿಯನ್ನು ಕೊಡವಿ, ಡಬ್ಬಿಯನ್ನು ಅದರೊಳಗಿಟ್ಟು, ವೈರುಗಳನ್ನಷ್ಟೇ ಹೊರಗೆ ಬಿಟ್ಟು, ಬಾಯಿಯ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದೆ. ನಾಲ್ಕು ಪದರಿನ ಸಂಚಿ ಅದು. ಧೂಳಿನ ಅಪ್ಪ ಬಂದರೂ ಒಳಗೆ ಹೋಗಲಾರ.

ಮಧ್ಯಾಹ್ನದ ಹೊತ್ತಿಗೆ ಮೌಸಿನ ಬಾಣದ ಗುರುತು ಏರು ಹತ್ತುವ ಎತ್ತಿನ ಹಾಗೆ ನಡೆಯತೊಡಗಿತು. ನಾನು ಇಲ್ಲಿ ಒತ್ತಿದರೆ ಅದು ಎಷ್ಟೋ ಹೊತ್ತಿನ ಮೇಲೆ ಅಲ್ಲಿ ತುಂಬುತ್ತಿತ್ತು. ಟಿವಿಯ ಮೂಲೆಯಲ್ಲೊಂದು ಕೆಂಪು ಗುರುತು ಬಂತು. ಯಜಮಾನರು ಕನ್ನಡಕ ಏರಿಸಿ ನೋಡಿದರು.

“ಡಾಕ್ಟರ್ ಬಾಯಾಗ ಇಡೂ ಕಡ್ಡಿ ಅದು. ನಿನ್ನ ಕಂಪ್ಯೂಟರಿಗೆ ಜ್ವರ ಬಂದಾವು.”

ಚೇಷ್ಟೆ ಎಂದುಕೊಂಡೆ. ಸಂಚಿ ಮುಟ್ಟಿದರೆ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿ. ಜಮಖಂಡಿಗೆ ಫೋನ್ ಹಚ್ಚಿದೆ.

“ಆಯಿ, ಅದನ್ನ ಎಲ್ಲಿ ಇಟ್ಟಿ?”

“ಸಂಚ್ಯಾಗ.”



“ಯಾವ ಸಂಚ್ಯಾಗ?”

“ನಂದ. ಎಲಿ-ಅಡಿಕಿದು. ಧೂಳ ಆಕ್ಕೈತಂತ. ಈಗ ತಣ್ಣೀರ ಪಟ್ಟಿ ಹಾಕಲೇನ?”

“ನೀರ ಮುಟ್ಟಿಸಬ್ಯಾಡ ಆಯಿ, ನಿನ್ನ ಕಾಲ ಬೀಳತೇನಿ. ಫ್ಯಾನ್ ಇಲ್ಲಂದ್ರ ಅದು ತನ್ನ ಬಿಸಿ ತಾನ ಬಿಡಬೇಕು. ತಗದು ತೆರೆದಲ್ಲಿ ಇಡು.”

ಗಡಿಬಿಡಿಯಲ್ಲಿ ದಾರ ಬಿಚ್ಚಿ ಎಳೆದೆ. ಡಬ್ಬಿಯ ಜೊತೆ ಕರೆಂಟಿನ ವೈರೂ ಕಳಚಿಕೊಂಡಿತು. ಟಿವಿ ಕಪ್ಪಾಯಿತು. ಮತ್ತೆ ಹಚ್ಚಿದಾಗ ಚೌಕಗಳೆಲ್ಲ ಖಾಲಿ. ಮುಂಜಾನೆಯಿಂದ ಒಮ್ಮೆಯೂ ಸೇವ್ ಮಾಡಿರಲಿಲ್ಲ. ತೆನೆಯೂ ಇಲ್ಲ, ಗುಬ್ಬಿಯೂ ಇಲ್ಲ. ಉಳಿದದ್ದು ಬುಧವಾರ ಒಂದೇ.

ಅಳು ಬರಲಿಲ್ಲ, ಸಿಟ್ಟು ಬಂತು. ಅದು ಒಳ್ಳೆಯದೇ ಆಯಿತು. ಸಿಟ್ಟು ಬಂದರೆ ನನ್ನ ಕೈ ಜೋರು. ಡಬ್ಬಿಯನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿಟ್ಟು, ಕಾಯಿಪಲ್ಲೆ ತೊಳೆಯುವ ತೂತಿನ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದೆ. ಗಾಳಿಯೂ ಆಯಿತು, ಮರೆಯೂ ಆಯಿತು. ಈಗಲೂ ಹಾಗೇ ಇದೆ. ಕರೆಂಟಿನ ಬಿಲ್ಲು ನೋಡುವುದು, ಮಗ ನೂಲು-ಬಣ್ಣದ ಪಟ್ಟಿ ಬರೆಯುವುದು, ಯಜಮಾನರು ಪ್ರವಚನ ಹಚ್ಚಿ ನಿದ್ದೆ ಹೋಗುವುದು, ಎಲ್ಲ ಆ ಬುಟ್ಟಿಯ ಕೆಳಗಿನದರಲ್ಲೇ. ದಿನಾ ಮುಂಜಾನೆ ಒಣ ಕುಂಚದಿಂದ ಧೂಳು ಕೊಡವುತ್ತೇನೆ.

ಬುಧವಾರ ಬೆಳಗಾಗುತ್ತಲೇ ಕುಳಿತೆ. ಹಿಂದಿನ ದಿನ ಮೂಗು ಹಚ್ಚಿ ನೋಡಿ ದಣಿದ ನನ್ನ ಕಣ್ಣಿಗೆ ಕಾಗದದಲ್ಲಿದ್ದ ತೆನೆಯ ಚೌಕಗಳು ಕಾಣುತ್ತಿರಲಿಲ್ಲ. ಯಜಮಾನರು ತಾವಾಗಿಯೇ ಬಂದು ಕಾಗದ ಕೈಗೆ ತೆಗೆದುಕೊಂಡು ಭೂತಗನ್ನಡಿ ಹಿಡಿದರು.

“ಮೂರು ತುಂಬು. ಒಂದು ಬಿಡು. ಮತ್ತ ಎರಡು ತುಂಬು.”

“ಜೋರಲೆ ಹೇಳ್ರಿ.”

“ಸುದ್ದಿ ಓದೂವರಗಿಂತ ಜೋರ ಹೇಳಾಕತ್ತೇನಿ. ಟಿವಿನೂ ಹೋತು, ಗಂಟಲೂ ಹೋತು.”

ಒಂದು ತೆನೆ ಮುಗಿದ ಕೂಡಲೇ ಸೇವ್, ಒಂದು ರೆಕ್ಕೆ ಮುಗಿದ ಕೂಡಲೇ ಸೇವ್. ನಡುವೆ ಎರಡು ಸಲ ಕರೆಂಟ್ ಹೋಯಿತು. ಹೋದರೆ ಹೋಗಲಿ ಎಂದು ಅಕ್ಕಿ ಆರಿಸುತ್ತ ಕುಳಿತೆ. ಸಂಜೆ ದೀಪ ಹಚ್ಚುವಷ್ಟರಲ್ಲಿ ಗುಬ್ಬಿಗೆ ಕಣ್ಣು ಬಂತು. ಮಗ ಒಳಗೆ ಬಂದವನು ಟಿವಿಯ ಮುಂದೆ ನಿಂತು ಗುಬ್ಬಿಯ ರೆಕ್ಕೆಯ ಎಳೆ ಎಣಿಸಿ ಹೋದ.

ಗುರುವಾರ ಮುಂಜಾನೆ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಟೋ ಹತ್ತಿ ರಬಕವಿಗೆ ಹೋದೆ. ಕಾರ್ಡಿನವರು ತಮ್ಮ ಯಂತ್ರದಲ್ಲಿ ಚಿತ್ರ ತೆರೆದು, ಸೀರೆಯುದ್ದಕ್ಕೂ ಅಂಚು ತುಂಡಾಗದಂತೆ ಮೇಲಿನ ತುದಿ ಕೆಳಗಿನ ತುದಿಗೆ ಕೂಡುತ್ತದೋ ಇಲ್ಲವೋ ನೋಡಿದರು. ಕೂಡಿತು.

“ಅಮ್ಮಾರ, ಗುಬ್ಬಿ ಚುಂಚು ಒಂದು ಎಳಿ ಉದ್ದ ಆಗೈತ್ರಿ.”

“ಇರಲಿ. ತೆನಿ ತಿನ್ನಾಕ ಕುಂತೈತಿ, ಸುಮ್ನ ಅಲ್ಲ.”

ಅವರು ತಲೆ ಅಲ್ಲಾಡಿಸಿ ತೂತು ಹೊಡೆಯಲು ಶುರು ಮಾಡಿದರು. ಸಂಜೆಗೆ ಕಾರ್ಡು ಮಗ್ಗ ಏರಿತು. ಶುಕ್ರವಾರ ಮುಧೋಳದ ವ್ಯಾಪಾರಿ ಬಂದು ಅಷ್ಟರಲ್ಲಿ ನೇಯ್ದಿದ್ದ ಗೇಣುದ್ದದ ಅಂಚಿನ ಮೇಲೆ ಬೆರಳಾಡಿಸಿ, ತಿರುಗಿಸಿ ಹಿಂಬದಿ ನೋಡಿ, “ಇದನ್ನ ಹಾಕ್ರಿ. ಸೆರಗೂ ಇದಕ್ಕ ಹೊಂದೂವಂಗ ಇರಲಿ,” ಎಂದು ಚಹಾ ಕುಡಿದು ಹೋದರು.

ನಾನು ಸುಮ್ಮನಿರುವವಳೇ? ಮಗ್ಗದ ಕೋಣೆಗೆ ಹೋಗಿ ಮಗನ ಮುಂದೆ ನಿಂತೆ. ಅಂಗೈ ಚಾಚಿ, “ಇಷ್ಟ ಇಷ್ಟು ಕಂಪ್ಯೂಟರ್, ಕಣ್ಣು ಕಾಣದ ಮುದುಕಿ. ಎಲ್ಲೈತೋ ನಿನ್ನ ರೆಡಿ ಡಿಸೈನ್?” ಎಂದು ಶುರು ಮಾಡಿದವಳು ಕಾರ್ಡಿನವರು ಅಂದದ್ದು, ವ್ಯಾಪಾರಿ ಅಂದದ್ದು, ಅವರು ಅನ್ನದೇ ಇದ್ದದ್ದು, ಎಲ್ಲ ಹೇಳಿದೆ.

ಅವನು ಹರಿದ ಎಳೆಗೆ ಗಂಟು ಹಾಕುತ್ತಿದ್ದ. ತಲೆ ಎತ್ತದೆಯೇ ಅಂದ:

“ಬರೇ ಅಂಚಿಗೆ ಇಷ್ಟ ಮಾತಾಡಾಕತ್ತಿ. ಸೋಮವಾರದಿಂದ ಸೆರಗು ತಗಿಯಾಕ ಕುಂಡ್ರತಿ, ಅದು ಮುಗಿದ ಮ್ಯಾಲ ನಾವೆಲ್ಲಾ ಊರು ಬಿಡಬೇಕೇನಬೇ?”