ಎದುರು ಬಾಗಿಲಿನಿಂದ ಹೇಳಿಕೆ

ಪದ್ಮಾಕ್ಷಿ ಟೀಚರ್ ಮೊದಲು ಬಂದ ದಿನ ಸೇಸಮ್ಮ ಅಂಗಳದಲ್ಲಿ ಹುಣಸೆಹಣ್ಣು ಒಣಗಲು ಹಾಕುತ್ತಿದ್ದಳು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದ ಟೀಚರ ಎರಡೂ ಕೈಯಲ್ಲಿ ಪುಸ್ತಕದ ಚೀಲ.

"ಬಾಡಿಗೆಗೆ ಕೋಣೆ ಉಂಟಂತಲ್ಲ ಅಕ್ಕ?"

"ಉಂಟು. ಎಷ್ಟು ಜನ?"

"ನಾನೊಬ್ಬಳೇ."

"ಬಂದು ಹೋಗುವವರು?"

"ಅವರೂ ಇಲ್ಲ," ಎಂದು ಟೀಚರ್ ನಕ್ಕರು. ಆ ನಗು ಸೇಸಮ್ಮನಿಗೆ ಗುರುತಿತ್ತು. ಗಂಡ ಹೋದ ಮೇಲೆ ಕೇಳಿದವರ ಎದುರು ಅವಳೂ ಹಾಗೇ ನಗುತ್ತಿದ್ದಳು.

ಬದಿಯ ಕೋಣೆಗೆ ಬೇರೆಯೇ ಬಾಗಿಲು. ಟೀಚರ್ ಅಳದಂಗಡಿ ಕಡೆಯವರು, ಕಾಲೇಜಿನಲ್ಲಿ ಚರಿತ್ರೆ ಕಲಿಸುವುದು. ರಜೆ ಸಿಕ್ಕಿದರೆ ಬಸದಿಗಳ ಕಲ್ಲಿನ ಬರಹ ಓದಲಿಕ್ಕೆ ಹೋಗುವರು. ವರ್ಷಕ್ಕೊಮ್ಮೆ ಎಲ್ಲಾದರೂ ವಿಚಾರ ಸಂಕಿರಣ; ಅಲ್ಲಿ ತಾವು ಬರೆದದ್ದನ್ನು ಓದುವರು. ಅದಕ್ಕೆ ಮೊದಲೇ ಫೋನಿನಲ್ಲಿ ಹೆಸರು ನೋಂದಾಯಿಸಿ ದುಡ್ಡು ಕಟ್ಟಬೇಕು. ಸಿಗ್ನಲ್ ಸಿಗುವುದು ಸೇಸಮ್ಮನ ಅಡಿಗೆಕೋಣೆಯ ಮೆಟ್ಟಿಲಲ್ಲಿ ಮಾತ್ರ. ಟೀಚರ್ ಅಲ್ಲಿ ಕೂತು ಒಂದೊಂದೇ ವಿವರ ತುಂಬಿಸುತ್ತಾ ಒಂದು ಕಡೆ ಬೆರಳು ನಿಲ್ಲಿಸುವರು.

"ಜೊತೆಗೆ ಬರುವವರ ಹೆಸರು ಕೇಳ್ತದೆ, ಸೇಸಕ್ಕ."

"ಎಂತ ಬರೀತೀರಿ?"

"ಖಾಲಿ ಬಿಡ್ತೇನೆ."

ಸೇಸಮ್ಮ ಮಾತು ತಿರುಗಿಸುವಳು. "ಊಟಕ್ಕೆ ಕರೆದವರಿಗೆ ನಾವೇ ದುಡ್ಡು ಕೊಡುವುದಾ? ಇದೆಂಥ ಮರ್ಯಾದಿ ಮಾರಾಯ್ರೆ!"

ಹೋದ ವರ್ಷ ಸಂಕಿರಣ ಮೂಡುಬಿದಿರೆಯಲ್ಲೇ ಬಂತು. ಸೇಸಮ್ಮ ಬಾವಿಯಿಂದ ನೀರು ಸೇದುತ್ತಿದ್ದಾಗ, "ಈ ಸಲ ನಿಮ್ಮ ಹೆಸರು ಹಾಕಿದ್ದೇನೆ ಆಯ್ತಾ," ಎನ್ನುತ್ತಾ ಟೀಚರ್ ಬಸ್ಸಿಗೆ ಓಡಿದರು.

ಸಂಕಿರಣದ ದಿನ ಅವಳು ಹೋಗಲಿಲ್ಲ. ಮನೆಗೆ ಬಂದು, ಕೂತು, ಬಾಯಿ ತುಂಬ ಹೇಳಿಕೆ ಕೊಟ್ಟು ಕರೆಯದೆ ಯಾವ ಕಾರ್ಯಕ್ಕೂ ಅವಳು ಹೋದವಳಲ್ಲ. ಕೊಡಪಾನ ಹಿಡಿದವಳಿಗೆ ದಾರಿಯಲ್ಲಿ ಅಂದದ್ದು ಹೇಳಿಕೆಯಾ? ಆದರೂ ಪೆಟ್ಟಿಗೆಯಿಂದ ಸೀರೆ ತೆಗೆದಿಟ್ಟು, ಈಗ ಬಂದಾರು ಎಂದು ಎದುರು ಬಾಗಿಲನ್ನೇ ನೋಡುತ್ತಾ ಕೂತಳು.

ಸಂಜೆ ಟೀಚರ್ ಸೇಸಮ್ಮನ ಹೆಸರಿದ್ದ ಕಾರ್ಡನ್ನು ತಂದು ಜಗಲಿಯಲ್ಲಿಟ್ಟರು. ಕುತ್ತಿಗೆಗೆ ಹಾಕುವಂಥದ್ದು.

"ನಿಮಗೆ ಕುರ್ಚಿ ಹಿಡಿದಿಟ್ಟಿದ್ದೆ. ಕೇಳಿದವರಿಗೆಲ್ಲ, ಜನ ಉಂಟು, ಬರ್ತಾರೆ ಅಂದೆ."

"ನೀವು ಹೇಳಲೇ ಇಲ್ಲವಲ್ಲ ಟೀಚರೇ."

"ಹೇಳಿದ್ದೆನಲ್ಲ!"

"ಬಾವಿಕಟ್ಟೆಯಲ್ಲಿ."

ಟೀಚರ್ ಜಗಲಿಯ ಅಂಚಿನಲ್ಲಿ ಕೂತರು. "ಹೌದು. ಅಮ್ಮ ಇರುತ್ತಿದ್ದರೆ ನನಗೆ ಸರಿಯಾಗಿ ಬೈಯುತ್ತಿದ್ದರು. ಹೇಳಿಕೊಡುವವರು ಇಲ್ಲದೆ ಎಲ್ಲ ಮರೆತುಹೋಗ್ತದೆ."

ಈ ವರ್ಷ ಸಂಕಿರಣ ಮತ್ತೆ ಇಲ್ಲಿಯೇ. ನೋಂದಣಿ ಮುಗಿಸಿದ ಟೀಚರ್ ಒಳ್ಳೆಯ ಸೀರೆ ಉಟ್ಟು ಬದಿಯ ಬಾಗಿಲಿನಿಂದ ಹೊರಟು, ಗೇಟು ದಾಟಿ, ಪುನಃ ಗೇಟು ತೆರೆದು ಎದುರು ಬಾಗಿಲಿಗೆ ಬಂದರು. ಸೇಸಮ್ಮ ನಗಲಿಲ್ಲ. ಚಾಪೆ ಹಾಸಿ, ದೂರದಿಂದ ಬಂದವರಿಗೆ ಕೊಡುವ ಹಾಗೆ ಬೆಲ್ಲ ನೀರು ಕೊಟ್ಟಳು. ಟೀಚರ್ ಬೆಲ್ಲ ಕಚ್ಚಿ ನೀರು ಕುಡಿದರು.

"ಸಂಕಿರಣಕ್ಕೆ ನೀವು ಬರಬೇಕು ಸೇಸಕ್ಕ. ನಾನು ಓದುವಾಗ ನಮ್ಮವರು ಅಂತ ಒಬ್ಬರು ಎದುರಿಗೆ ಇರಬೇಕು."

"ಬರ್ತೇನೆ. ಹೇಳಿಕೆ ಆದ ಮೇಲೆ ಮನೆಯಿಂದ ಒಬ್ಬರಾದರೂ ಹೋಗಲೇಬೇಕಲ್ಲ."

ಸಂಕಿರಣ ಹತ್ತಿರವಾಗುವಾಗ ಟೀಚರಿಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ಬದಿಯ ಕೋಣೆಗೆ ತಿರುಗಿ ಬರಲಿಲ್ಲ. ಅವರು ಬರೆದದ್ದನ್ನು ಕಾಲೇಜಿನಲ್ಲಿ ಜೊತೆಗೆ ಕಲಿಸುವ ಸಮೀನಾ ಮೇಡಂ ಓದುವುದೆಂದು ಆಯಿತು. ಕೊನೆಯ ಸಲ ಗಂಜಿ ಕೊಂಡುಹೋದಾಗ ಟೀಚರ್ ಕುಡಿಯಲಿಲ್ಲ. ಸೇಸಮ್ಮನ ಸೆರಗಿನ ತುದಿ ಹಿಡಿದುಕೊಂಡರು.

"ನಾನಿಲ್ಲ ಅಂತ ನೀವು ಮನೆಯಲ್ಲಿ ಕೂರಬೇಡಿ ಸೇಸಕ್ಕ. ಎದುರು ಬಾಗಿಲಿನಿಂದ ಬಂದೇ ಹೇಳಿದ್ದೇನಲ್ಲ. ಹೋಗ್ತೀರಲ್ಲ?"